ಹುಡುಕಾಟದ ಖರ್ಚು ಯಾರ ಖಾತೆಗೆ?

ನಮ್ಮ ಕಾಲೇಜಿನಲ್ಲಿ ಶನಿವಾರದ ಕೊನೆಯ ಅವಧಿ ಸಾಹಿತ್ಯ ತರಗತಿ. ಪಠ್ಯಪುಸ್ತಕದಲ್ಲಿ ಇಲ್ಲದ ಪುಸ್ತಕಗಳನ್ನು ಅಲ್ಲಿ ಓದುತ್ತೇವೆ. ಮುಂದಿನ ತಿಂಗಳಿನಿಂದ ವಾಣಿಜ್ಯ ವಿಭಾಗದವರಿಗೆ ಈ ಅವಧಿಯನ್ನು ತೆಗೆದು ಲೆಕ್ಕಶಾಸ್ತ್ರದ ಅಭ್ಯಾಸಕ್ಕೆ ಕೊಡಬೇಕೆಂದು ಕೆಲವರು ಕೇಳಿದ್ದಾರೆ. ಕೇಳಿದವರಲ್ಲಿ ಪೋಷಕರೂ ಇದ್ದಾರೆ, ನನ್ನ ಸಹಪಾಠಿಗಳೂ ಇದ್ದಾರೆ. ಕಥೆ ಓದುವುದಕ್ಕೆ ಅವರ ವಿರೋಧ ಅಷ್ಟಿಲ್ಲ. ಓದಿನ ಜೊತೆಗೆ ಕೊಡುವ ‘ಹಿನ್ನೆಲೆ ವಿಷಯ’ದ ಕೆಲಸವೇ ಅವರಿಗೆ ಹೊರೆಯಾಗಿ ಕಾಣುತ್ತಿದೆ. “ಜೇನಿನ ಬಗ್ಗೆ, ಓತಿಕ್ಯಾತದ ಬಗ್ಗೆ ಹುಡುಕಿಕೊಂಡು ಕೂರಲು ನಾವೇನು ಸೈನ್ಸ್‌ನವರಾ?” ಎಂಬ ಪ್ರಶ್ನೆ ನಮ್ಮ ಬೆಂಚಿನಲ್ಲೇ ಎದ್ದಿತು. ಆ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನನ್ನ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವರ್ಷ ನಾವು ಓದಿದ್ದು ಹುಡುಕಾಟದ ಕಾದಂಬರಿಗಳನ್ನು. ಒಬ್ಬನಿಗೆ ಏನೋ ಬೇಕು. ಅದು ನಿಧಿ ಇರಬಹುದು, ಒಂದು ಪ್ರಾಣಿ ಇರಬಹುದು, ಒಂದು ಪ್ರಶ್ನೆಗೆ ಉತ್ತರ ಇರಬಹುದು. ಅದಕ್ಕಾಗಿ ಅವನು ಮನೆ ಬಿಟ್ಟು ಹೊರಡುತ್ತಾನೆ, ದಾರಿಯಲ್ಲಿ ಕಷ್ಟಪಡುತ್ತಾನೆ, ಕೊನೆಗೆ ಅದು ಸಿಗುತ್ತದೆ ಅಥವಾ ಕೈತಪ್ಪಿ ಹೋಗುತ್ತದೆ. ಇಷ್ಟೇ ಚೌಕಟ್ಟು. ಪಾವ್ಲೊ ಕೊಯೆಲೊ ಅವರ ‘ದಿ ಆಲ್ಕೆಮಿಸ್ಟ್’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಎರಡೂ ಇದೇ ಚೌಕಟ್ಟಿನಲ್ಲಿ ನಿಲ್ಲುತ್ತವೆ. ಇವುಗಳ ಜೊತೆ ಹೋಲಿಸಿ ನೋಡಲೆಂದು ಹಾತಿಮ್ ತಾಯಿಯ ಹಳೆಯ ಕಿಸ್ಸಾವನ್ನೂ ಮಾತಾಡಿದೆವು. ಪ್ರತಿಯೊಬ್ಬರೂ ಕಥೆಯೊಳಗಿನ ಒಂದು ವಿಷಯವನ್ನು ಆರಿಸಿಕೊಂಡು, ಅದರ ಬಗ್ಗೆ ಹುಡುಕಿ, ಒಂದು ಪುಟ ಬರೆದು ತರಗತಿಯಲ್ಲಿ ಓದಬೇಕು. ಇದೇ ಹಿನ್ನೆಲೆ ಕೆಲಸ.

ಈ ಕೆಲಸ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲ ಪುಟದಲ್ಲಿ ಸ್ಕೆಚ್ ಪೆನ್ನಿನ ಬಾರ್ಡರ್, ಎರಡನೇ ಪುಟದಲ್ಲಿ ಲೇಖಕರ ಫೋಟೊ, ಮೂರನೇ ಪುಟದಲ್ಲಿ ಅವರ ಜನನ, ವಿದ್ಯಾಭ್ಯಾಸ, ಪ್ರಶಸ್ತಿಗಳು. ಕೊನೆಯಲ್ಲಿ ‘ಧನ್ಯವಾದಗಳು’. ಇದನ್ನು ಓದಿದ ಮೇಲೆ ಕಾದಂಬರಿಯ ಒಂದು ಸಾಲಾದರೂ ಬೇರೆಯಾಗಿ ಕಾಣುತ್ತದೆಯೇ? ಇಲ್ಲ. ಇದನ್ನೇ ಹಿನ್ನೆಲೆ ಎನ್ನುವುದಾದರೆ ಆ ಅವಧಿಯನ್ನು ಲೆಕ್ಕಶಾಸ್ತ್ರಕ್ಕೆ ಕೊಟ್ಟುಬಿಡುವುದೇ ಒಳ್ಳೆಯದು. ಆದರೆ ನಮ್ಮ ತರಗತಿಯಲ್ಲಿ ಕೆಲವರು ಬೇರೆ ರೀತಿ ಮಾಡಿದರು. ಪಾತ್ರಗಳು ಕೈಯಲ್ಲಿ ಹಿಡಿಯುವ ವಸ್ತುವನ್ನು, ಕಾಲಿಟ್ಟ ಊರನ್ನು, ಮಾಡುವ ಕಸುಬನ್ನು ಆರಿಸಿಕೊಂಡರು. ಆಗ ಏನಾಯಿತು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

‘ದಿ ಆಲ್ಕೆಮಿಸ್ಟ್’ 1988ರಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಬಂದದ್ದು. ಸ್ಪೇನಿನ ಕುರಿಗಾಹಿ ಹುಡುಗ ಸಾಂಟಿಯಾಗೊ ಈಜಿಪ್ಟಿನ ಪಿರಮಿಡ್ಡುಗಳ ಬಳಿ ನಿಧಿಯಿದೆ ಎಂಬ ಕನಸನ್ನು ನಂಬಿ ಹೊರಡುತ್ತಾನೆ. ನಮ್ಮಲ್ಲಿ ಈ ಪುಸ್ತಕದ ಮಾತುಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡವರು ಬಹಳ. ಕನಸು ಕಂಡರೆ ಸಾಕು, ಇಡೀ ಜಗತ್ತು ಸಹಾಯಕ್ಕೆ ಬರುತ್ತದೆ ಎಂಬ ಅರ್ಥದಲ್ಲಿ ಹಾಕಿಕೊಳ್ಳುತ್ತಾರೆ. ಆದರೆ ಕಥೆಯಲ್ಲಿ ಆ ಹುಡುಗ ಮೊದಲು ತನ್ನ ಕುರಿಗಳನ್ನು ಮಾರುತ್ತಾನೆ. ಟ್ಯಾಂಜಿಯರ್ ಪಟ್ಟಣಕ್ಕೆ ಬಂದ ದಿನವೇ ಆ ಹಣವನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಸ್ಫಟಿಕದ ಗಾಜಿನ ಸಾಮಾನು ಮಾರುವ ಅಂಗಡಿಯಲ್ಲಿ ಹತ್ತಿರಹತ್ತಿರ ಒಂದು ವರ್ಷ ಕಮಿಷನ್ ಮೇಲೆ ದುಡಿಯುತ್ತಾನೆ. ಅಂಗಡಿಯ ಹೊರಗೆ ಶೋಕೇಸ್ ಇಡಿಸುತ್ತಾನೆ, ಗಾಜಿನ ಲೋಟಗಳಲ್ಲಿ ಚಹಾ ಮಾರಿಸುತ್ತಾನೆ, ವ್ಯಾಪಾರ ಏರುತ್ತದೆ. ಅವನ ಹುಡುಕಾಟದ ಬಂಡವಾಳ ಬಂದದ್ದು ಅಲ್ಲಿಂದ. ವ್ಯವಹಾರ ಅಧ್ಯಯನ ಓದುವ ನಮಗೆ ಈ ಭಾಗ ಬೇರೆಯವರಿಗಿಂತ ಬೇಗ ಕಣ್ಣಿಗೆ ಬೀಳಬೇಕು. ಆದರೆ ಸ್ಟೇಟಸ್‌ನಲ್ಲಿ ಆ ಅಂಗಡಿ ಎಲ್ಲೂ ಇಲ್ಲ.

ನಮ್ಮ ತರಗತಿಯ ಒಬ್ಬಳು ಟ್ಯಾಂಜಿಯರ್ ಪಟ್ಟಣವನ್ನೇ ವಿಷಯವಾಗಿ ಆರಿಸಿಕೊಂಡಳು. ಅದು ಮೊರಾಕೊದಲ್ಲಿದೆ, ಸಮುದ್ರದ ಆಚೆ ದಡದಲ್ಲಿ ಸ್ಪೇನ್. ಆ ಊರಿನಲ್ಲಿ ಹುಟ್ಟಿದ ಅತ್ಯಂತ ಪ್ರಸಿದ್ಧ ವ್ಯಕ್ತಿ ಇಬ್ನ್ ಬತೂತ. 1325ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಹಜ್‌ಗೆಂದು ಮನೆ ಬಿಟ್ಟವನು ಮುಂದೆ ಸುಮಾರು ಮೂರು ದಶಕ ಸುತ್ತಿದ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಕೈಕೆಳಗೆ ಕಾಜಿಯಾಗಿದ್ದ. 1340ರ ದಶಕದಲ್ಲಿ ನಮ್ಮ ಉತ್ತರ ಕನ್ನಡದ ಹೊನ್ನಾವರಕ್ಕೂ ಬಂದ. ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ತನ್ನ ಪ್ರವಾಸಕಥನದಲ್ಲಿ ಹೇಳಿಸಿದ್ದಾನೆ. ಈ ಸಾಲನ್ನು ಅವಳು ಓದಿದಾಗ ಹುಡುಗಿಯರ ಸಾಲಿನಿಂದ ಚಪ್ಪಾಳೆ ಬಿತ್ತು. ಬ್ರೆಜಿಲ್‌ನ ಲೇಖಕನ ಪುಸ್ತಕದಿಂದ ಹೊರಟವಳು ಮೊರಾಕೊ ದಾಟಿ ಹೊನ್ನಾವರದ ಮದ್ರಸಾಕ್ಕೆ ಬಂದು ತಲುಪಿದ್ದಳು.

ಇಷ್ಟೇ ಆಗಿದ್ದರೆ ಇದನ್ನು ಸಾಮಾನ್ಯ ಜ್ಞಾನ ಎನ್ನಬಹುದಿತ್ತು. ಆದರೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು: ಅಷ್ಟು ವರ್ಷ ಸುತ್ತಲು ಇಬ್ನ್ ಬತೂತನಿಗೆ ಹಣ ಎಲ್ಲಿಂದ ಬಂತು? ಸುಲ್ತಾನರ ಇನಾಮು, ಕಾಜಿ ಹುದ್ದೆಯ ಸಂಬಳ, ದಾರಿಯುದ್ದಕ್ಕೂ ಪ್ರಯಾಣಿಕರಿಗೆ ಊಟ ವಸತಿ ಕೊಡುತ್ತಿದ್ದ ಖಾನ್‌ಖಾಗಳು, ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿದ್ದ ಛತ್ರಗಳು. ಒಬ್ಬ ನಡೆಯಬೇಕಾದರೆ ಊರೂರಿನಲ್ಲಿ ಯಾರೋ ಅಡುಗೆ ಮಾಡಿಟ್ಟಿರಬೇಕು. ಈ ಮಾತಾದ ಮೇಲೆ ಟ್ಯಾಂಜಿಯರ್‌ನ ಆ ಗಾಜಿನ ಅಂಗಡಿಯವನು ನಮಗೆ ಬೇರೆಯಾಗಿ ಕಂಡ. ಅವನಿಗೂ ಒಂದು ಹುಡುಕಾಟವಿದೆ. ಮಕ್ಕಾಗೆ ಹೋಗಬೇಕೆಂಬ ಆಸೆ ಇದೆ, ಆದರೆ ಹೋಗುವುದಿಲ್ಲ. ಮೊದಲ ಓದಿನಲ್ಲಿ ಅವನನ್ನು ಧೈರ್ಯವಿಲ್ಲದವನೆಂದು ಎಲ್ಲರೂ ಬದಿಗಿಟ್ಟಿದ್ದರು. ಎರಡನೇ ಓದಿನಲ್ಲಿ, ಅವನು ಅಂಗಡಿ ತೆರೆದು ಕೂತಿದ್ದರಿಂದಲೇ ಸಾಂಟಿಯಾಗೊ ಮುಂದೆ ನಡೆಯಲು ಸಾಧ್ಯವಾಯಿತು ಎಂಬುದು ಕಂಡಿತು.

‘ಕರ್ವಾಲೊ’ಗೆ ಬರೋಣ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಹುಡುಕುವುದು ಹಾರುವ ಓತಿಯನ್ನು. ಕರ್ವಾಲೊ ಎಂಬ ವಿಜ್ಞಾನಿ, ಕಥೆ ಹೇಳುವ ಕೃಷಿಕ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲ ಸೇರಿ ಪಶ್ಚಿಮಘಟ್ಟದ ಕಾಡಿಗೆ ಹೋಗುತ್ತಾರೆ. ಕಥೆ ಶುರುವಾಗುವುದು ಮಾತ್ರ ಕಾಡಿನಲ್ಲಲ್ಲ, ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ನಾನು ಆರಿಸಿಕೊಂಡ ವಿಷಯ ಆ ಸೊಸೈಟಿ.

ಸಹಕಾರ ಸಂಘದ ಲಕ್ಷಣಗಳೇನು ಎಂದು ಕೇಳಿದರೆ ವಾಣಿಜ್ಯದವರು ನಿದ್ದೆಯಲ್ಲೂ ಹೇಳುತ್ತೇವೆ: ಸ್ವಯಂಪ್ರೇರಿತ ಸದಸ್ಯತ್ವ, ಒಬ್ಬ ಸದಸ್ಯನಿಗೆ ಒಂದು ಮತ, ಸೇವಾ ಮನೋಭಾವ. ಆದರೆ ಅದು ಉಸಿರಾಡುವುದು ಹೇಗೆ ಎಂದು ನೋಡಿದ್ದು ಈ ಕಾದಂಬರಿಯ ನೆಪದಲ್ಲಿ. ಮಲೆನಾಡು, ಕೊಡಗಿನ ಸಣ್ಣ ರೈತರು ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕಿ ತುಪ್ಪವನ್ನು ಸಂಘಕ್ಕೆ ತಂದು ಹಾಕುತ್ತಿದ್ದರು. ಸಂಘ ಅದನ್ನು ಸೋಸಿ ಮಾರುತ್ತಿತ್ತು. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ, ಅದು ಎತ್ತರದ ಮರದಲ್ಲೋ ಬಂಡೆಯಲ್ಲೋ ಬಯಲಿಗೆ ಹಲ್ಲೆ ಕಟ್ಟುತ್ತದೆ. ತುಡುವೆ ಮಾತ್ರ ಪೊಟರೆಯಂಥ ಕತ್ತಲೆ ಜಾಗ ಹುಡುಕುವುದರಿಂದ ಪೆಟ್ಟಿಗೆಗೆ ಒಗ್ಗುತ್ತದೆ. ಪೆಟ್ಟಿಗೆಯಲ್ಲಿಟ್ಟರೂ ಅದು ಸಾಕುಪ್ರಾಣಿಯಲ್ಲ. ಮನಸ್ಸು ಬಂದರೆ ಇಡೀ ಕುಟುಂಬವೇ ಎದ್ದು ಹೋಗುತ್ತದೆ. ಆ ಕುಟುಂಬವನ್ನು ಮತ್ತೆ ಹಿಡಿದು ತಂದು ಕೂರಿಸಲು ಕಾಡು ಗೊತ್ತಿರುವವರು ಬೇಕು. ಮಂದಣ್ಣನಂಥವರು ಬೇಕು.

1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಅದು ತುಡುವೆ ಜೇನಿನ ಮರಿಹುಳುಗಳನ್ನು ಕೊಲ್ಲುತ್ತದೆ. ಕರ್ನಾಟಕದಲ್ಲಿ ಸಾಕಿದ್ದ ಜೇನು ಕುಟುಂಬಗಳಲ್ಲಿ ಬಹುಪಾಲು ಅದಕ್ಕೆ ನಾಶವಾದವು. ಆಮೇಲೆ ಸಾಕಣೆ ಚೇತರಿಸಿಕೊಂಡಿದೆ, ಆದರೆ ಆ ಹೊಡೆತ ಸಣ್ಣದಲ್ಲ. ಅಂದರೆ ತೇಜಸ್ವಿ ಬರೆದ ಸೊಸೈಟಿ ಆ ರೋಗ ಬರುವುದಕ್ಕೆ ಹತ್ತು ವರ್ಷ ಮೊದಲಿನದು. ಮೊದಲ ಸಲ ಓದುವಾಗ ಸೊಸೈಟಿಯ ಪುಟಗಳು ನಗಿಸಿದ್ದವು. ಇದು ತಿಳಿದ ಮೇಲೂ ನಗು ಬಂತು, ಜೊತೆಗೆ ಎದೆಯಲ್ಲಿ ಏನೋ ಭಾರ. ಕಾದಂಬರಿ ಒಂದಕ್ಷರವೂ ಬದಲಾಗಿರಲಿಲ್ಲ.

ಹಾರುವ ಓತಿಯ ಬಗ್ಗೆ ಬರೆದವನು ಕೊಪ್ಪದ ಕಡೆಯ ಹಾಸ್ಟೆಲ್ ಹುಡುಗ. ಅವನು ಮೊದಲು ಮಾಡಿದ್ದು ಮನೆಗೆ ಫೋನ್. “ಅದಾ? ನಮ್ಮ ಅಡಿಕೆ ಮರದ ಮೇಲೇ ಇರ್ತದಲ್ಲ” ಎಂದರಂತೆ ಅವನ ಅಜ್ಜ. ಹೌದು, ಈ ಪ್ರಾಣಿ ಪಶ್ಚಿಮಘಟ್ಟದ ಕಾಡಿನಲ್ಲೂ ಅಡಿಕೆ ತೋಟಗಳಲ್ಲೂ ಇದೆ. ಅದಕ್ಕೆ ಹಕ್ಕಿಯಂತೆ ರೆಕ್ಕೆ ಬಡಿಯಲು ಬರುವುದಿಲ್ಲ. ಉದ್ದವಾದ ಕೆಲವು ಪಕ್ಕೆಲುಬುಗಳು ಮೈಯಿಂದ ಹೊರಕ್ಕೆ ಚಾಚಿಕೊಳ್ಳುತ್ತವೆ, ಅವುಗಳಿಗೆ ತೆಳುವಾದ ಚರ್ಮ ಕೊಡೆಯ ಬಟ್ಟೆಯಂತೆ ಅಂಟಿಕೊಂಡಿದೆ. ಅದನ್ನು ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ಮುಖ್ಯ ಆಹಾರ ಇರುವೆ. ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕಿಳಿಯುತ್ತದೆ. ಕಾದಂಬರಿಯಲ್ಲಿ ದೊಡ್ಡ ತಂಡವೇ ಕಾಡು ಸುತ್ತಿ ಹುಡುಕಿದ ಪ್ರಾಣಿಯ ಬಂಧು ಒಬ್ಬರ ಮನೆ ಹಿಂದಿನ ತೋಟದಲ್ಲಿ ಇರುವೆ ತಿನ್ನುತ್ತಾ ಕೂತಿದೆ! ತರಗತಿ ಗೊಳ್ಳೆಂದು ನಕ್ಕಿತು. ಆದರೆ ಕಥೆಯ ರುಚಿ ಇದರಿಂದ ಕೆಡಲಿಲ್ಲ. ಕಣ್ಣೆದುರಿಗಿದ್ದೂ ಕಾಣದಿರುವುದನ್ನು ಕಾಣುವುದೇ ಕಾದಂಬರಿಯ ವಿಷಯ ಎಂದು ಅವನು ತನ್ನ ಪುಟದ ಕೊನೆಯಲ್ಲಿ ಬರೆದ. ಯಾವ ಗೈಡಿನಲ್ಲೂ ಇಲ್ಲದ ಸಾಲು ಅದು.

ಅವನ ಪುಟದಲ್ಲಿ ಇನ್ನೊಂದು ವಿಷಯವಿತ್ತು. ನಮ್ಮ ಹಾರುವ ಓತಿಯ ವೈಜ್ಞಾನಿಕ ಹೆಸರು ಡ್ರಾಕೊ ಡುಸುಮಿಯೆರಿ. 1837ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಇಟ್ಟದ್ದು. ಡುಸುಮಿಯೆ ಎಂಬುವನು ಫ್ರಾನ್ಸಿನ ವ್ಯಾಪಾರಿ. ಹಿಂದೂ ಮಹಾಸಾಗರದಲ್ಲಿ ವ್ಯಾಪಾರಕ್ಕೆಂದು ಓಡಾಡುತ್ತಾ, ಪ್ರಾಣಿಗಳನ್ನು ಸಂಗ್ರಹಿಸಿ ಪ್ಯಾರಿಸ್‌ನ ಮ್ಯೂಸಿಯಂಗೆ ಕೊಡುತ್ತಿದ್ದ. ಅಂದರೆ ನಮ್ಮ ತೋಟದ ಓತಿಯ ಹೆಸರಿನಲ್ಲಿ ಒಬ್ಬ ವರ್ತಕ ಕೂತಿದ್ದಾನೆ. ಮರ ಹತ್ತಿ ಅದನ್ನು ಹಿಡಿಯುವ ಕೈಗಳು ಆ ಹೆಸರಿನಲ್ಲಿ ಇಲ್ಲ.

ಅಲ್ಲಿಂದ ನಾವು ಮಲಯ ದ್ವೀಪಗಳಿಗೆ ಹೋದೆವು. ಕಾರಣವಿದೆ. ಈ ಜಾತಿಯ ಹಾರುವ ಓತಿಗಳಲ್ಲಿ ಹೆಚ್ಚಿನವು ಇರುವುದು ಆಗ್ನೇಯ ಏಷ್ಯಾದಲ್ಲಿ. ‘ಕರ್ವಾಲೊ’ದಲ್ಲಿ ಮಾತು ಮತ್ತೆ ಮತ್ತೆ ಜೀವವಿಕಾಸದ ಕಡೆಗೆ ತಿರುಗುತ್ತದೆ, ಆ ಸಿದ್ಧಾಂತವನ್ನು ಡಾರ್ವಿನ್ ಜೊತೆ ಸ್ವತಂತ್ರವಾಗಿ ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೆಸ್ 1854ರಿಂದ 1862ರವರೆಗೆ ಅದೇ ದ್ವೀಪಗಳಲ್ಲಿ ಸುತ್ತುತ್ತಿದ್ದ. ವಾಲೆಸ್ ಶ್ರೀಮಂತನಲ್ಲ. ಹಕ್ಕಿ, ಚಿಟ್ಟೆ, ದುಂಬಿಗಳನ್ನು ಸಂಗ್ರಹಿಸಿ ಲಂಡನ್ನಿನ ಏಜೆಂಟ್ ಸ್ಯಾಮುಯೆಲ್ ಸ್ಟೀವನ್ಸ್‌ಗೆ ಕಳುಹಿಸುತ್ತಿದ್ದ. ಏಜೆಂಟ್ ಮಾರಿ ಕಳಿಸಿದ ಹಣದಲ್ಲಿ ಮುಂದಿನ ಪ್ರಯಾಣ. ಒಟ್ಟು ಸಂಗ್ರಹ 1,25,660. ವಿಜ್ಞಾನದ ಅಷ್ಟು ದೊಡ್ಡ ಹುಡುಕಾಟ ಕಮಿಷನ್ ವ್ಯಾಪಾರದ ಮೇಲೆ ನಡೆದಿತ್ತು ಎಂಬುದು ವಾಣಿಜ್ಯದ ವಿದ್ಯಾರ್ಥಿಗೆ ಗೊತ್ತಿರಬೇಕಾದ ವಿಷಯವಲ್ಲವೇ?

ಆ ಸಂಗ್ರಹವನ್ನೆಲ್ಲ ವಾಲೆಸ್ ಒಬ್ಬನೇ ಹಿಡಿದದ್ದಲ್ಲ. ಅವನ ಜೊತೆಗಿದ್ದವರಲ್ಲಿ ಮುಖ್ಯನಾದವನು ಅಲಿ. ಬೋರ್ನಿಯೊ ದ್ವೀಪದ ಸರವಾಕ್‌ನಲ್ಲಿ ಕೆಲಸಕ್ಕೆ ಸೇರಿದಾಗ ಅವನಿನ್ನೂ ಹುಡುಗ, ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಅಡುಗೆ ಮಾಡುತ್ತಿದ್ದ, ದೋಣಿ ನಡೆಸುತ್ತಿದ್ದ, ಹಕ್ಕಿ ಹೊಡೆದು ಚರ್ಮ ಬಿಡಿಸಿ ಒಣಗಿಸುತ್ತಿದ್ದ, ಜ್ವರ ಬಂದರೆ ಯಜಮಾನನನ್ನು ನೋಡಿಕೊಳ್ಳುತ್ತಿದ್ದ. 1858ರಲ್ಲಿ ಬಚಾನ್ ದ್ವೀಪದಲ್ಲಿ ಅಲಿ ಒಂದು ಹಕ್ಕಿಯನ್ನು ತಂದು ತೋರಿಸಿದ. ಅಂಥದ್ದನ್ನು ವಾಲೆಸ್ ಅದುವರೆಗೆ ನೋಡಿರಲಿಲ್ಲ. ಅದು ಸ್ವರ್ಗದ ಹಕ್ಕಿಗಳ ಜಾತಿಗೆ ಸೇರಿದ ಹೊಸ ಪಕ್ಷಿ. ಇಂದು ಅದರ ಹೆಸರು ಸೆಮಿಯೊಪ್ಟೆರ ವಾಲೇಸಿ. ತಂದವನು ಅಲಿ, ಹೆಸರು ವಾಲೆಸ್‌ನದು. ಆದರೂ ವಾಲೆಸ್ ಅಲಿಯನ್ನು ಮುಚ್ಚಿಡಲಿಲ್ಲ. ತನ್ನ ಪುಸ್ತಕದಲ್ಲಿ ಅವನ ಬಗ್ಗೆ ಬರೆದ. ಬೀಳ್ಕೊಡುವಾಗ ಫೋಟೊ ತೆಗೆಸಿ, ಮುಂದೆ 1905ರ ಆತ್ಮಕಥೆಯಲ್ಲಿ ಆ ಫೋಟೊ ಅಚ್ಚು ಹಾಕಿಸಿದ. ಅದರಿಂದಲೇ ಇಂದು ನಮಗೆ ಅಲಿಯ ಮುಖ ಗೊತ್ತು.

ಇದನ್ನು ಓದಿದ ಮೇಲೆ ಮಂದಣ್ಣ ನಮಗೆ ಹೊಸಬನಾದ. ಶಾಲೆಯ ಲೆಕ್ಕದಲ್ಲಿ ಅವನು ಏನೂ ಅಲ್ಲ. ಮದುವೆಯ ಚಿಂತೆ, ಕಳ್ಳಭಟ್ಟಿಯ ಕೇಸು, ಊರವರ ಕಣ್ಣಿಗೆ ದಡ್ಡ. ಆದರೆ ಹಾರುವ ಓತಿಯನ್ನು ಕಂಡವನು ಅವನೇ. ಕಾದಂಬರಿಗೆ ಹೆಸರು ವಿಜ್ಞಾನಿಯದು, ದಾರಿ ಗೊತ್ತಿದ್ದದ್ದು ಮಂದಣ್ಣನಿಗೆ. ಕರ್ವಾಲೊ ದೊಡ್ಡವರಾಗುವುದು ತಮ್ಮ ಡಿಗ್ರಿಯಿಂದಲ್ಲ, ಇಡೀ ಊರು ಕಡೆಗಣಿಸಿದ ಹುಡುಗನೊಳಗಿನ ನಿಸರ್ಗ ವಿಜ್ಞಾನಿಯನ್ನು ಗುರುತಿಸಿದ್ದರಿಂದ. ‘ಕರ್ವಾಲೊ ಪಾತ್ರವನ್ನು ವಿವರಿಸಿ’ ಎಂಬ ಪ್ರಶ್ನೆಗೆ ನಾವು ಮೊದಲು ಬರೆದಿದ್ದ ಉತ್ತರದಲ್ಲಿ ‘ಜ್ಞಾನಿ’, ‘ಸರಳ’, ‘ತಾಳ್ಮೆಯುಳ್ಳವರು’ ಎಂಬ ಪದಗಳಿದ್ದವು. ಅಲಿಯ ವಿಷಯ ತಿಳಿದ ಮೇಲೆ ಬರೆದ ಉತ್ತರದಲ್ಲಿ ಒಂದು ಸಂಬಂಧವಿತ್ತು.

ಮೂರನೆಯದು ಹಾತಿಮ್ ತಾಯಿ. ಉರ್ದು ಮಾತಾಡುವ ಮನೆಗಳಲ್ಲಿ ಈ ಕಥೆಯನ್ನು ಪುಸ್ತಕ ನೋಡಿ ಕಲಿಯುವುದಿಲ್ಲ, ನಾನಿಯೋ ದಾದಿಯೋ ಹೇಳುತ್ತಾರೆ. ನಮ್ಮ ನಾನಿ ಕೊಹ್-ಎ-ನಿದಾ ಎಂಬ ಕರೆಯುವ ಬೆಟ್ಟದ ಭಾಗ ಬಂದಾಗ ದನಿ ತಗ್ಗಿಸುತ್ತಾರೆ, ನಾವು ಚಾದರ ಎಳೆದುಕೊಳ್ಳುತ್ತೇವೆ. ವ್ಯಾಪಾರಿಯ ಮಗಳು ಹುಸ್ನ್ ಬಾನು ಏಳು ಸವಾಲುಗಳನ್ನು ಇಡುತ್ತಾಳೆ. ಅವಳನ್ನು ಮದುವೆಯಾಗಬೇಕೆಂದಿರುವವನು ಮುನೀರ್ ಶಾಮಿ ಎಂಬ ರಾಜಕುಮಾರ. ಆದರೆ ಏಳು ಸಲವೂ ಹೊರಟು, ಏಳು ಸಲವೂ ಜೀವ ಒತ್ತೆಯಿಟ್ಟು ಉತ್ತರ ತರುವವನು ಹಾತಿಮ್. ಮದುವೆ ಮಾತ್ರ ಮುನೀರನಿಗೆ.

ಹಿನ್ನೆಲೆ ನೋಡಿದಾಗ ಎರಡು ವಿಷಯ ಸಿಕ್ಕವು. ಹಾತಿಮ್ ನಿಜವಾಗಿ ಇದ್ದವನು. ಇಸ್ಲಾಮಿಗೆ ಮೊದಲಿನ ಅರೇಬಿಯಾದಲ್ಲಿ, ತಯ್ಯ್ ಕುಲದಲ್ಲಿ, ದಾನಕ್ಕೆ ಹೆಸರಾದ ಕವಿ. ಅವನ ಮಗಳು ಸೆರೆಸಿಕ್ಕು ಬಂದಾಗ, ತಂದೆಯ ಔದಾರ್ಯದ ಗುಣ ಕೇಳಿ ಪ್ರವಾದಿಯವರು (ಸ) ಅವಳನ್ನು ಗೌರವದಿಂದ ಬಿಡುಗಡೆ ಮಾಡಿದ್ದು ಸೀರತ್ ಗ್ರಂಥಗಳಲ್ಲಿ ಬರುತ್ತದೆ. ಮಗ ಅದೀ ಬಿನ್ ಹಾತಿಮ್ ಮುಂದೆ ಸಹಾಬಿಯಾದರು. ಎರಡನೆಯದು, ಈ ಕಿಸ್ಸಾದ ಪ್ರಸಿದ್ಧ ಉರ್ದು ರೂಪ ಸಿದ್ಧವಾದದ್ದು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ, ಹೈದರ್ ಬಖ್ಶ್ ಹೈದರಿ ಎಂಬುವರ ಕೈಯಲ್ಲಿ. 1800ರಲ್ಲಿ ಶುರುವಾದ ಆ ಕಾಲೇಜು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಇದ್ದದ್ದು. ಚಾದರದೊಳಗೆ ಕೇಳುವ ಕಥೆಯ ಒಂದು ರೂಪ ಕಂಪನಿ ಸಾಹೇಬರ ಪಠ್ಯಪುಸ್ತಕವಾಗಿತ್ತು ಎಂದಾಗ ನಾನಿ ನಂಬಲಿಲ್ಲ. “ಅಂಗ್ರೇಜರಿಗೂ ಹಾತಿಮ್ ಬೇಕಾಯಿತಾ?” ಎಂದರು.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲಿ ತಂದ ಹಕ್ಕಿಗೆ ವಾಲೆಸ್ ಹೆಸರು. ಮಂದಣ್ಣ ಕಂಡ ಓತಿಯ ಕಥೆಗೆ ಕರ್ವಾಲೊ ಹೆಸರು. ಆದರೆ ಮುನೀರನಿಗಾಗಿ ನಡೆದ ಹಾತಿಮನ ಕಥೆಗೆ ಹಾತಿಮನದೇ ಹೆಸರು. ಫಲ ಪಡೆದವನನ್ನು ಜನ ಮರೆತರು, ನಡೆದವನನ್ನು ನೆನಪಿಟ್ಟರು. ಬಾಯಿಂದ ಬಾಯಿಗೆ ಬಂದ ಕಥೆ ಈ ನ್ಯಾಯವನ್ನು ಹೇಗೆ ಉಳಿಸಿಕೊಂಡಿತು? ನಮ್ಮ ತರಗತಿ ಈ ಪ್ರಶ್ನೆಯ ಮೇಲೆ ಬೆಲ್ ಹೊಡೆದ ಮೇಲೂ ಹತ್ತು ನಿಮಿಷ ಮಾತಾಡಿತು. ಶನಿವಾರದ ಕೊನೆಯ ಬೆಲ್ ಆದ ಮೇಲೆ ವಾಣಿಜ್ಯದವರು ಹತ್ತು ನಿಮಿಷ ಕೂತಿದ್ದರು ಎಂದರೆ ಅದರ ಅರ್ಥ ಅಧ್ಯಾಪಕರಿಗೆ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಹುಡುಕಾಟದ ಕಾದಂಬರಿ ನಾಯಕನನ್ನು ಮುಂದೆ ನಿಲ್ಲಿಸುತ್ತದೆ. ಅವನ ಖರ್ಚು ಯಾರು ಕೊಟ್ಟರು, ದಾರಿ ಯಾರು ತೋರಿಸಿದರು, ಕೊನೆಗೆ ಹೆಸರು ಯಾರಿಗೆ ಬಂತು ಎಂಬುದು ಹಿಂದೆ ಉಳಿಯುತ್ತದೆ. ಹಿನ್ನೆಲೆ ಹುಡುಕಿದವನಿಗೆ ಆ ಹಿಂದಿನ ಸಾಲು ಕಾಣುತ್ತದೆ. ನಮಗೆ ಲೆಕ್ಕಶಾಸ್ತ್ರ ಕಲಿಸುವ ಮೊದಲ ಪಾಠವೂ ಇದೇ. ಯಾವ ಖಾತೆಗೆ ಡೆಬಿಟ್ ಬಂದರೂ ಎಲ್ಲೋ ಒಂದು ಕ್ರೆಡಿಟ್ ಇರಲೇಬೇಕು. ಒಬ್ಬ ಗೆದ್ದ ಎಂದು ಬರೆದರೆ ಇನ್ನೊಂದು ಬದಿಯಲ್ಲಿ ಯಾರು ಕೊಟ್ಟರು ಎಂದು ಬರೆಯಬೇಕು. ಇಲ್ಲದಿದ್ದರೆ ತಾಳೆಪಟ್ಟಿ ತಾಳೆಯಾಗುವುದಿಲ್ಲ. ನಾಳೆ ನಮ್ಮಲ್ಲಿ ಕೆಲವರು ಅಂಗಡಿ ಇಡುತ್ತೇವೆ, ಕೆಲವರು ಸಿ.ಎ. ಮಾಡುತ್ತೇವೆ, ಕೆಲವರು ಕಂಪನಿ ನಡೆಸುತ್ತೇವೆ. ಲಾಭದ ಹಿಂದಿನ ಮಂದಣ್ಣನನ್ನು ಕಾಣುವ ಅಭ್ಯಾಸ ಈಗಲೇ ಆಗದಿದ್ದರೆ ಆಗ ಹೇಗೆ ಬರುತ್ತದೆ?

ವಿರೋಧದ ಮಾತುಗಳಿಗೂ ಉತ್ತರ ಹೇಳಬೇಕು. ಮೊದಲನೆಯದು, ಇದರಿಂದ ಪರೀಕ್ಷೆಗೆ ಅಂಕ ಬರುವುದಿಲ್ಲ ಎಂಬುದು. ಈ ಪುಸ್ತಕಗಳ ಮೇಲೆ ನೇರವಾಗಿ ಪ್ರಶ್ನೆ ಬರುವುದಿಲ್ಲ, ನಿಜ. ಆದರೆ ಸ್ವಂತ ವಾಕ್ಯದಲ್ಲಿ ಉತ್ತರ ಬರೆಯುವುದು ಎಲ್ಲ ವಿಷಯಕ್ಕೂ ಬೇಕು. ನಮ್ಮಂಥ ಉರ್ದು, ಬ್ಯಾರಿ ಮನೆಮಾತಿನವರಿಗೆ ಕನ್ನಡದಲ್ಲಿ ಒಂದು ಪುಟ ಸ್ವಂತವಾಗಿ ಬರೆದು ಎಲ್ಲರೆದುರು ಓದುವ ಅವಕಾಶ ವಾರದಲ್ಲಿ ಇದೊಂದೇ. ಗೈಡಿನ ಉತ್ತರ ಬಾಯಿಪಾಠ ಮಾಡಿದರೆ ಭಾಷೆ ನಾಲಿಗೆಯ ಮೇಲೆ ಮಾತ್ರ ಕೂರುತ್ತದೆ.

ಎರಡನೆಯದು, ಹಿನ್ನೆಲೆ ತಿಳಿದರೆ ಕಥೆಯ ಸ್ವಾರಸ್ಯ ಹೋಗುತ್ತದೆ ಎಂಬುದು. ಇದರಲ್ಲಿ ಸತ್ಯವಿದೆ. ಓತಿ ಅಡಿಕೆ ಮರದ ಮೇಲಿದೆ ಎಂದು ಮೊದಲೇ ಗೊತ್ತಿದ್ದರೆ ಕಾಡಿನ ಅಧ್ಯಾಯಗಳ ಕುತೂಹಲ ಅರ್ಧ ಇಳಿಯುತ್ತಿತ್ತು. ಅದಕ್ಕೆ ಪರಿಹಾರ ಸುಲಭ. ಮೊದಲು ಕಥೆ ಓದಿ ಮುಗಿಸಬೇಕು, ಆಮೇಲೆ ಹುಡುಕಬೇಕು, ಕೊನೆಗೆ ಬೇಕಾದ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಮೂರನೆಯದು, ಎಲ್ಲರೂ ಫೋನಿನಿಂದ ನಕಲು ಮಾಡುತ್ತಾರೆ ಎಂಬ ಆರೋಪ. ಇದಕ್ಕೆ ಮದ್ದು ನಮ್ಮ ದೀನಿಯಾತ್ ತರಗತಿಯಲ್ಲೇ ಇದೆ. ಹದೀಸ್ ಓದುವಾಗ ಮಾತಿನಷ್ಟೇ ಮುಖ್ಯ ಸನದ್. ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಸರಿಯಿಲ್ಲದಿದ್ದರೆ ವಿದ್ವಾಂಸರು ಆ ಮಾತನ್ನು ಗಟ್ಟಿಯೆಂದು ಒಪ್ಪುವುದಿಲ್ಲ. ಆ ಸರಪಳಿಯನ್ನು ಪರಿಶೀಲಿಸಲು ಇಮಾಮ್ ಬುಖಾರಿಯಂಥವರು ಊರಿಂದೂರಿಗೆ ಪ್ರಯಾಣ ಮಾಡಿದರು. ನಮ್ಮ ಒಂದು ಪುಟದಲ್ಲೂ ಪ್ರತಿ ವಿಷಯದ ಪಕ್ಕದಲ್ಲಿ ಇದು ಎಲ್ಲಿಂದ ತಿಳಿಯಿತು ಎಂದು ಬರೆಯಬೇಕೆಂಬ ನಿಯಮ ಮಾಡಿ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಇಲ್ಲದೆ ನಮೂದು ಇಲ್ಲ. ಪುಸ್ತಕ, ಗ್ರಂಥಾಲಯ, ಕೊಪ್ಪದ ಅಜ್ಜ, ಜೇನು ಮಾರುವವರು, ಎಲ್ಲವೂ ವೋಚರ್ ಆಗಬಹುದು. ಹೆಸರಿಲ್ಲದ ಮಾಹಿತಿ ಆಗುವುದಿಲ್ಲ.

ಇಷ್ಟರ ಮೇಲೆ ನನ್ನದು ಮೂರು ಸಲಹೆ. ಲೇಖಕರ ಜೀವನಚರಿತ್ರೆಯನ್ನು ಹಿನ್ನೆಲೆ ವಿಷಯವಾಗಿ ಒಪ್ಪಬೇಡಿ, ಕಥೆಯೊಳಗಿನ ಒಂದೇ ವಸ್ತು, ಊರು ಅಥವಾ ಕಸುಬನ್ನು ಆರಿಸಲು ಹೇಳಿ. ಪ್ರತಿಯೊಬ್ಬರೂ ಕನಿಷ್ಠ ಒಬ್ಬ ವ್ಯಕ್ತಿಯನ್ನು ನೇರವಾಗಿ ಕೇಳಿ ಬರಲಿ. ಪುಟದ ಕೊನೆಯಲ್ಲಿ ‘ಇದು ತಿಳಿದ ಮೇಲೆ ಕಥೆಯ ಯಾವ ಭಾಗ ಬೇರೆಯಾಗಿ ಕಂಡಿತು’ ಎಂಬ ಪ್ರಶ್ನೆಗೆ ಎರಡು ಸಾಲಿನ ಉತ್ತರವಿರಲಿ. ಅವಧಿ ಕಡಿಮೆ ಮಾಡಲೇಬೇಕೆಂದರೆ ತಿಂಗಳಿಗೆ ಎರಡು ಶನಿವಾರ ಲೆಕ್ಕಶಾಸ್ತ್ರಕ್ಕೆ ಕೊಟ್ಟು, ಎರಡನ್ನು ಇದಕ್ಕೆ ಉಳಿಸಿ. ಅದಕ್ಕೆ ನಮ್ಮ ಬೆಂಚಿನ ಒಪ್ಪಿಗೆ ಇದೆ.

ಉರ್ದುವಿನಲ್ಲಿ ವಿದ್ಯಾರ್ಥಿಗೆ ತಾಲಿಬ್-ಎ-ಇಲ್ಮ್ ಎನ್ನುತ್ತೇವೆ. ತಾಲಿಬ್ ಎಂದರೆ ಅರಸುವವನು, ಇಲ್ಮ್ ಎಂದರೆ ಜ್ಞಾನ. ಕನ್ನಡದ ‘ವಿದ್ಯಾರ್ಥಿ’ಯನ್ನು ಬಿಡಿಸಿದರೂ ವಿದ್ಯೆಯನ್ನು ಬಯಸುವವನು ಎಂದೇ ಅರ್ಥ. ನಮ್ಮ ಹಾಜರಿ ಪುಸ್ತಕದ ಮೇಲೆ ಬರೆದಿರುವ ಪದದೊಳಗೇ ಹುಡುಕಾಟವಿದೆ. ಈ ಅವಧಿ ಉಳಿದರೆ ಮುಂದಿನ ಪುಸ್ತಕ ತೇಜಸ್ವಿಯವರದೇ ‘ಜುಗಾರಿ ಕ್ರಾಸ್’ ಆಗಲಿ ಎಂಬುದು ಹಲವರ ಆಸೆ. ಏಲಕ್ಕಿ ಬೆಳೆಯುವ ಯುವ ದಂಪತಿ, ಮಾರಿ ಬಂದ ಹಣ, ಹಳೆಯ ಕಾವ್ಯದೊಳಗೆ ಅಡಗಿದ ಗುಟ್ಟು ಎಲ್ಲವೂ ಅದರಲ್ಲಿವೆ. ನಮ್ಮ ತರಗತಿಯಲ್ಲಿ ಇಬ್ಬರ ಅಬ್ಬಾ ಏಲಕ್ಕಿ ವ್ಯಾಪಾರದಲ್ಲಿದ್ದಾರೆ. ಏಲಕ್ಕಿಯನ್ನು ಹೇಗೆ ಗ್ರೇಡ್ ಮಾಡುತ್ತಾರೆ, ದರ ಯಾರು ಕೂಗುತ್ತಾರೆ ಎಂದು ಅವರನ್ನು ಕೇಳಿ ಬರೆಯಲು ಹೆಸರು ಕೊಟ್ಟವರು ಈಗಾಗಲೇ ನಾಲ್ಕು ಜನ. ಪಟ್ಟಿ ನನ್ನ ಬಳಿ ಇದೆ. ಸೇರುವವರು ಸೋಮವಾರದೊಳಗೆ ಹೆಸರು ಕೊಡಿ.